ಗುಡ್ಡದ ದಾರಿ ಕಟ್ಟುವುದೂ ಒಂದು ಉದ್ಯೋಗವೇ?

ಗಂಗಾವತಿಯ ಓದುಗರೊಬ್ಬರು ಕೇಳಿದ್ದಾರೆ: 'ಸಿವಿಲ್ ಡಿಪ್ಲೊಮಾ ಮುಗಿಸಿದ್ದೇನೆ. ಬಿಡುವು ಸಿಕ್ಕರೆ ಆನೆಗೊಂದಿ, ಸಾಣಾಪುರದ ಗುಡ್ಡಗಳಲ್ಲೇ ಇರುತ್ತೇನೆ. ಚಾರಣದ ದಾರಿ ಮಾಡುವುದು, ನೋಡಿಕೊಳ್ಳುವುದು, ಜನರಿಗೆ ಪರಿಚಯಿಸುವುದು, ಇದನ್ನೇ ಕೆಲಸ ಮಾಡಿಕೊಳ್ಳಬಹುದಾ? ಅಪ್ಪ ಸರ್ಕಾರಿ ಪರೀಕ್ಷೆ ಬರಿ ಅಂತಾರೆ.'

ಖಂಡಿತ ಮಾಡಿಕೊಳ್ಳಬಹುದು. ಆದರೆ ಈ ಹೆಸರಿನ ಹುದ್ದೆಗೆ ನಮ್ಮ ಕಡೆ ಅರ್ಜಿ ಕರೆಯುವುದಿಲ್ಲ. ಅಮೆರಿಕದಲ್ಲಿ ಕಾಲುದಾರಿಗಳಿಗೆಂದೇ 1968ರಲ್ಲಿ ಕಾಯ್ದೆ ಆಯಿತು. ಅಲ್ಲಿ ದಾರಿ ಕಟ್ಟುವ ತಂಡಗಳಿಗೆ ಸಂಬಳ ಇದೆ. ನಮ್ಮಲ್ಲಿ ಇದೇ ಕೆಲಸ ಅರಣ್ಯ, ಪ್ರವಾಸೋದ್ಯಮ, ಪುರಾತತ್ವ ಇಲಾಖೆ, ಪಂಚಾಯಿತಿ, ರೆಸಾರ್ಟ್‌ಗಳ ನಡುವೆ ಹಂಚಿಹೋಗಿದೆ. ಹಾಗಾಗಿ ಮೊದಲು ಕಸುಬು ಕಲಿಯಿರಿ. ನಿಮ್ಮ ಡಿಪ್ಲೊಮಾ ಅದಕ್ಕೆ ಚೆನ್ನಾಗಿ ಒದಗುತ್ತದೆ.

ಯಾಕೆಂದರೆ ಕಾಲುದಾರಿ ಹಾಳಾಗುವುದು ಜಾಸ್ತಿ ನೀರಿನಿಂದಲೇ. ನಮ್ಮ ಕಡೆ ಮಳೆ ಕಡಿಮೆ, ಬಂದರೆ ಮಾತ್ರ ಧೋ ಅಂತ ಸುರಿಯುತ್ತದೆ. ನೆಟ್ಟಗೆ ಇಳಿಯುವ ದಾರಿಯಲ್ಲಿ ಆ ನೀರು ಓಡಿದರೆ ದಾರಿ ಹೋಗಿ ಕೊರಕಲು ಆಗುತ್ತದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು ಅನ್ನುವುದು ಈ ಕಸುಬಿನ ಮೊದಲ ಪಾಠ. ಸರಾಸರಿ ನೂರು ಅಡಿಗೆ ಹತ್ತು ಅಡಿ ಏರಿದರೆ ಸಾಕು. ದಾರಿಯ ಹೊರ ಅಂಚು ಸ್ವಲ್ಪ ತಗ್ಗಿರಬೇಕು, ಆಗ ನೀರು ಅಡ್ಡ ದಾಟಿ ಕೆಳಗೆ ಹೋಗುತ್ತದೆ. ಕಡಿದಾದ ಕಡೆ ಕಲ್ಲನ್ನು ಓರೆಯಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಲೆವೆಲ್ ನೋಡಲು ನಿಮಗೆ ಬರುತ್ತದೆ. ಕಲ್ಲು ಕೂರಿಸುವುದನ್ನು ಊರಿನ ಹಳೆಯ ಮೇಸ್ತ್ರಿಗಳ ಹತ್ತಿರ ಕಲಿಯಿರಿ. ಸಿಮೆಂಟ್ ಇಲ್ಲದೆ ಕಲ್ಲಿನ ಒಡ್ಡು ಕಟ್ಟುವವರು ಇನ್ನೂ ಇದ್ದಾರೆ, ಅವರು ಇರುವಾಗಲೇ ಕಲಿಯಬೇಕು.

ನಿಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್ ನೋಡಿದ್ದೀರಿ ಅಲ್ವಾ? ಕಬ್ಬಿಣ ಯುಗದ ಸುಮಾರು 400 ಕಲ್ಲಿನ ಸಮಾಧಿಗಳು ಆ ಗುಡ್ಡದ ಮೇಲಿವೆ. 2021ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿಗೆ ದಾರಿ ತೋರಿಸುವುದು ಹೇಗೆ? ಬೇರೆ ಕಡೆ ಬಂಡೆಗೆ ಬಣ್ಣದ ಬಾಣ ಬರೆಯುತ್ತಾರೆ. ಇಲ್ಲಿ ಬಂಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನ ಕೆಂಪು ಚಿತ್ರಗಳಿವೆ. ಬೇರೆ ಕಡೆ ಕಲ್ಲು ಪೇರಿಸಿ ಗುರುತು ಮಾಡುತ್ತಾರೆ. ಇಲ್ಲಿ ಸುಮ್ನೆ ಎತ್ತಿಟ್ಟ ಕಲ್ಲು ಯಾವುದೋ ಸಮಾಧಿಯದ್ದಾಗಿರಬಹುದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ ಅನ್ನುವ ಕಾನೂನೂ ಇದೆ. ನನ್ನ ಪ್ರಕಾರ ಇಲ್ಲಿ ಒಳ್ಳೆಯ ದಾರಿ ಎಂದರೆ ಕೆಳಗೆ ಊರಂಚಿನಲ್ಲಿ ಕನ್ನಡದ ಒಂದು ನಕ್ಷೆ ಫಲಕ, ಜೊತೆಗೆ ಊರಿನವರೇ ಆದ ಮಾರ್ಗದರ್ಶಿ. ಎಲ್ಲಿ ಕಟ್ಟಬಾರದು ಅಂತ ಹೇಳಬಲ್ಲ ಎಂಜಿನಿಯರ್ ನಮಗೆ ತುರ್ತಾಗಿ ಬೇಕು. ಇದಕ್ಕೆ ಸ್ವಲ್ಪ ಪುರಾತತ್ವವನ್ನೂ ಓದಿಕೊಳ್ಳಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ ಇದೆ.

ನಿರ್ವಹಣೆ ಎಂದರೆ ಅನುಮತಿ, ಕಸ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ. ನಮ್ಮ ಗುಡ್ಡಗಳಲ್ಲಿ ಚಿರತೆ, ಕರಡಿ ಇರುವುದರಿಂದ ಕತ್ತಲಾಗುವ ಮೊದಲು ಎಲ್ಲರನ್ನೂ ಇಳಿಸುವುದೂ ಅದರಲ್ಲೇ ಸೇರಿದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಸುಮಾರು ನಾಲ್ಕು ವಾರದ ಮೂಲ ಕೋರ್ಸ್ ಇದೆ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಮೊದಲು ಅಲ್ಲಿ ವಿಚಾರಿಸಿ.

ಪ್ರಚಾರ ಕೊನೆಗಿರಲಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಒಮ್ಮೆಗೇ ನುಗ್ಗಿದರು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ದಾರಿ ಎಷ್ಟು ಜನರನ್ನು ತಾಳುತ್ತದೆ ಅಂತ ತಿಳಿಯದೆ ರೀಲ್ಸ್ ಹಾಕಬೇಡಿ.

ದುಡ್ಡಿನ ವಿಷಯ. ನಮ್ಮಲ್ಲಿ ಸೀಸನ್ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಬಂಡೆ ಮೇಲೆ ಕಾಲಿಡಲಾಗದು. ಹಾಗಾಗಿ ಮೊದಮೊದಲು ಇದೊಂದರಿಂದಲೇ ಮನೆ ನಡೆಯುತ್ತದೆ ಅಂತ ಹೇಳಲಾರೆ. ಚಳಿಗಾಲದಲ್ಲಿ ಮಾರ್ಗದರ್ಶಿ ಕೆಲಸ, ಉಳಿದ ದಿನ ಸರ್ವೆ, ಸಣ್ಣ ಗುತ್ತಿಗೆ ಅಂತ ಹೊಂದಿಸಿಕೊಳ್ಳಬೇಕು.

ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಕಿರಿಯ ಎಂಜಿನಿಯರ್ ಪರೀಕ್ಷೆ ಬರೆಯಿರಿ. ಗುಡ್ಡ ಗೊತ್ತಿರುವ ಒಬ್ಬರು ಇಲಾಖೆಯ ಒಳಗಿದ್ದರೆ, ಕಂಡ ಬೆಟ್ಟಕ್ಕೆಲ್ಲ ಕಾಂಕ್ರೀಟ್ ಮೆಟ್ಟಿಲು ಹಾಕುವ ಎಸ್ಟಿಮೇಟ್‌ಗೆ ಅಲ್ಲೇ ತಡೆ ಹಾಕಬಹುದು.