ಮನೆ ಸಿಗುವುದು ತಡವಾಯಿತು, ನರ್ಸರಿ ಸೀಟು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಹೊಸ ಮನೆಗೆ ಹೋಗುತ್ತೇವೆಂದು ಅಲ್ಲಿಗೆ ಹತ್ತಿರದ ನರ್ಸರಿಯಲ್ಲಿ ಮೂರು ವರ್ಷದ ಮಗಳಿಗೆ ಸೀಟು ಹಿಡಿದು ಠೇವಣಿ ಕಟ್ಟಿದ್ದೇವೆ. ಈಗ ನೋಡಿದರೆ ಮನೆ ಕೈಗೆ ಬರುವುದು ಆರರಿಂದ ಎಂಟು ವಾರ ತಡವಂತೆ. ಈಗ ಹೋಗುತ್ತಿರುವ ನರ್ಸರಿಗೆ ತಿಂಗಳ ಕೊನೆಗೆ ಬಿಡುತ್ತೇವೆಂದು ಬರೆದುಕೊಟ್ಟಾಗಿದೆ. ಎರಡೂ ಕೈತಪ್ಪದಂತೆ ಏನು ಮಾಡಬೇಕು?

ಉತ್ತರ: ಮೊದಲು ಹಳೆಯ ನರ್ಸರಿಗೆ ಫೋನ್ ಮಾಡಿ. ಹೊಸದರ ಚಿಂತೆಯಲ್ಲಿ ಹೆಚ್ಚಿನವರು ಇದನ್ನು ಮರೆಯುತ್ತಾರೆ. ನೀವು ಬಿಡುವ ಸೀಟನ್ನು ಅವರು ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಟ್ಟುಬಿಟ್ಟರೆ ಹಿಂದಕ್ಕೆ ಪಡೆಯುವ ದಾರಿ ಇರುವುದಿಲ್ಲ. ಇನ್ನೂ ಕೊಟ್ಟಿಲ್ಲವಾದರೆ, ಬಿಡುವ ಪತ್ರವನ್ನು ಹಿಂದೆಗೆದುಕೊಳ್ಳುತ್ತೇವೆ ಎಂದು ಅಂದೇ ಬರಹದಲ್ಲಿ ತಿಳಿಸಿ. ಕೊಟ್ಟಾಗಿದ್ದರೆ, ಯಾವುದಾದರೂ ಮಗು ಬರದ ದಿನಗಳಲ್ಲಿ, ಅಂದರೆ ವಾರಕ್ಕೆ ಎರಡು ಮೂರು ದಿನ, ಸೇರಿಸಿಕೊಳ್ಳುವಿರಾ ಎಂದು ಕೇಳಿ. ತಿಂಗಳ ಲೆಕ್ಕದಲ್ಲಿ ಆಗದಿದ್ದರೂ ವಾರದ ಲೆಕ್ಕದಲ್ಲಿ ಒಪ್ಪುವುದುಂಟು.

ಆಮೇಲೆ ಹೊಸ ನರ್ಸರಿಯ ಅಡ್ಮಿಷನ್ ಫಾರಂ ತೆಗೆದು ಮೂರು ವಿಷಯ ಹುಡುಕಿ: ಸೇರುವ ದಿನಾಂಕ ಮುಂದಕ್ಕೆ ಹಾಕಲು ಎಷ್ಟು ದಿನ ಮೊದಲು ತಿಳಿಸಬೇಕು, ಹೇಳದೆ ಎಷ್ಟು ದಿನ ಬರದಿದ್ದರೆ ಸೀಟು ರದ್ದಾಗುತ್ತದೆ, ಠೇವಣಿ ಫೀಸಿಗೆ ಜಮೆಯಾಗುತ್ತದೋ ಅಥವಾ ಮುಟ್ಟುಗೋಲಾಗುತ್ತದೋ. ಇದನ್ನು ಓದದೆ ಫೋನ್ ಮಾಡಿದರೆ ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾಗುತ್ತದೆ.

ನರ್ಸರಿಯವರು ಸೀಟು ಸುಮ್ಮನೆ ಕಾದಿರಿಸಲು ಹಿಂದೆಮುಂದೆ ನೋಡುವುದಕ್ಕೆ ಕಾರಣವಿದೆ. ಸಣ್ಣ ಮಕ್ಕಳ ತರಗತಿಯಲ್ಲಿ ಇಷ್ಟು ಮಕ್ಕಳಿಗೆ ಇಷ್ಟು ಜನ ಸಿಬ್ಬಂದಿ ಎಂಬ ಲೆಕ್ಕ ಇರುತ್ತದೆ. ನಿಮ್ಮ ಮಗು ಬಂದರೂ ಬರದಿದ್ದರೂ ಸಂಬಳ ಕೊಡಲೇಬೇಕು, ಬಾಗಿಲಲ್ಲಿ ಇನ್ನೊಂದು ಕುಟುಂಬ ಕಾಯುತ್ತಿರುತ್ತದೆ. ಆದ್ದರಿಂದ ‘ಸ್ವಲ್ಪ ದಿನ ತಡವಾಗಬಹುದು’ ಎಂಬ ಮಾತು ಅವರಿಗೆ ಯಾವ ಉಪಯೋಗಕ್ಕೂ ಬಾರದು. ಅವರಿಗೆ ಬೇಕಾದದ್ದು ದಿನಾಂಕ, ಮತ್ತು ಆ ದಿನಾಂಕದವರೆಗೆ ಖಾಲಿ ಸೀಟಿನ ಖರ್ಚು ಯಾರದು ಎಂಬ ಉತ್ತರ.

ದಿನಾಂಕ ಹೇಳುವಾಗ ಮನೆ ಕೊಡುವವರು ಹೇಳಿದ ದಿನವನ್ನೇ ಹೇಳಬೇಡಿ. ಎಂಟು ವಾರ ಎಂದಿದ್ದರೆ ಹತ್ತು ವಾರ ಕೇಳಿ. ಒಂದು ಸಲ ಮುಂದೂಡಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಎರಡನೇ ಸಲ ಕೇಳಿದರೆ ಇವರು ಬರುವವರಲ್ಲ ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ಅಲ್ಲದೆ ಸಾಮಾನು ಇಳಿಸಿದ ವಾರವೇ ಮಗುವನ್ನು ಹೊಸ ಜಾಗಕ್ಕೆ ಬಿಡುವುದು ಬೇಡ. ಆ ಒಂದು ವಾರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಖರ್ಚಿನ ವಿಷಯದಲ್ಲಿ ದಾರಿಗಳು ಮೂರು. ಸೇರುವ ದಿನ ಮುಂದಕ್ಕೆ ಹಾಕಿ ಅಷ್ಟು ದಿನಕ್ಕೆ ಅರ್ಧದಷ್ಟೋ ಕಾಲುಭಾಗವೋ ಫೀಸು ಕೊಡುವುದು ಒಂದು. ಪೂರ್ತಿ ಫೀಸು ಕಟ್ಟಿ, ಮಗುವನ್ನು ಕಳಿಸದೆ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಇರಿಸುವುದು ಇನ್ನೊಂದು. ಆದರೆ ಗೈರುಹಾಜರಿಗೆ ಮಿತಿ ಇರುವ ಕಡೆ, ದುಡ್ಡು ಕಟ್ಟಿಯೂ ಸೀಟು ಹೋಗಬಹುದು. ಮೂರನೆಯದು, ಈಗಿನ ಮನೆಯಿಂದಲೇ ವಾರಕ್ಕೆ ಎರಡು ಮೂರು ದಿನ ಕರೆದೊಯ್ಯುವುದು.

ಅರ್ಧ ಫೀಸಿನ ದಾರಿ ಹಿಡಿದರೆ ಎಂಟು ವಾರಕ್ಕೆ ಹಳೆಯ ನರ್ಸರಿಗೆ ಎಂಟು ವಾರದ ಫೀಸು, ಹೊಸದಕ್ಕೆ ನಾಲ್ಕು ವಾರದಷ್ಟು. ಎರಡರ ದರವೂ ಒಂದೇ ಎಂದುಕೊಂಡರೆ ಒಟ್ಟು ಹನ್ನೆರಡು ವಾರದ ಹೊರೆ. ಪೂರ್ತಿ ಫೀಸಾದರೆ ಹದಿನಾರು. ಮೂರನೆಯ ದಾರಿ ಅಗ್ಗವಾಗಿ ಕಾಣುತ್ತದೆ, ಆದರೆ ಸಮಯದ ಲೆಕ್ಕ ಬೇರೆಯೇ. ಒಂದು ಕಡೆಗೆ 45 ನಿಮಿಷವಾದರೆ, ಮೂರು ಗಂಟೆಯ ತರಗತಿಗಾಗಿ ಮಗು ಒಂದೂವರೆ ಗಂಟೆ ಪ್ರಯಾಣ ಮಾಡುತ್ತದೆ. ಬಿಟ್ಟು ಮನೆಗೆ ಬಂದು ಮತ್ತೆ ಕರೆತರಲು ಹೋಗುವ ದೊಡ್ಡವರಿಗೆ ನಾಲ್ಕು ಓಡಾಟ, ಅಂದರೆ ದಿನಕ್ಕೆ ಮೂರು ಗಂಟೆ. ಪ್ರಯಾಣ ಅರ್ಧ ಗಂಟೆಯೊಳಗಿದ್ದರೆ ಇದನ್ನೇ ಆರಿಸಿ, ಸೀಟಿಗೆ ಇದಕ್ಕಿಂತ ಗಟ್ಟಿ ಭದ್ರತೆ ಇಲ್ಲ. ಅದಕ್ಕಿಂತ ದೂರವಾದರೆ ಅರ್ಧ ಫೀಸಿನ ದಾರಿಯೇ ಮೇಲು.

ಫೋನಿನಲ್ಲಿ ಒಪ್ಪಿಗೆ ಸಿಕ್ಕರೂ ಅಂದೇ ಬರೆದು ಕಳಿಸಿ. ಒಪ್ಪಿದವರು ಕೆಲಸ ಬಿಟ್ಟು ಹೋಗಬಹುದು, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಪತ್ರ ಇಷ್ಟಿದ್ದರೆ ಸಾಕು:

‘ನಮ್ಮ ಮಗಳ (ಹೆಸರು, ಹುಟ್ಟಿದ ದಿನಾಂಕ, ಅಡ್ಮಿಷನ್ ಸಂಖ್ಯೆ) ಸೇರ್ಪಡೆ ಇಂಥ ದಿನಾಂಕಕ್ಕೆ ನಿಗದಿಯಾಗಿದೆ. ಮನೆ ಹಸ್ತಾಂತರ ತಡವಾಗಿರುವುದರಿಂದ ಇಂಥ ದಿನಾಂಕಕ್ಕೆ ಬದಲಾಯಿಸಿಕೊಡಬೇಕಾಗಿ ಕೋರುತ್ತೇವೆ. ಅಲ್ಲಿಯವರೆಗೆ ಸೀಟು ಕಾದಿರಿಸಲು ಅರ್ಧ ಫೀಸು ಕೊಡಲು ಸಿದ್ಧರಿದ್ದೇವೆ. ಅದೇ ತರಗತಿ, ಅದೇ ವೇಳೆಯ ಸೀಟು ಉಳಿಯುತ್ತದೆ ಎಂದು ಇಂಥ ದಿನದೊಳಗೆ ಲಿಖಿತವಾಗಿ ತಿಳಿಸಿ.’

ಜೊತೆಗೆ ಮನೆ ತಡವಾಗಿರುವ ಬಗ್ಗೆ ಬಂದ ಪತ್ರದ ಪ್ರತಿ ಇಡಿ. ‘ಅದೇ ತರಗತಿ, ಅದೇ ವೇಳೆ’ ಎಂಬ ಮಾತನ್ನು ಮಾತ್ರ ಬಿಡಬೇಡಿ. ಬೆಳಗಿನ ಸೀಟು ಮಧ್ಯಾಹ್ನದ್ದಾಗಿ ಬದಲಾಗಿದ್ದು ಸೇರುವ ದಿನವೇ ಗೊತ್ತಾಗುವುದುಂಟು. ತಡವಾಗುವ ಅವಧಿಯಲ್ಲಿ ಮಗು ವಯಸ್ಸಿನ ಗಡಿ ದಾಟುತ್ತದೆಯೇ ಎಂದೂ ನೋಡಿಕೊಳ್ಳಿ. ದಾಟಿದರೆ ಮೇಲಿನ ತರಗತಿಯಲ್ಲಿ ಸೀಟು ಬೇಕಾಗುತ್ತದೆ, ಕಾದಿರಿಸಿದ್ದು ಕೆಳಗಿನದ್ದಾಗಿರುತ್ತದೆ.

ಇನ್ನೊಂದು ತೊಡಕು ಫೀಸಿನ ಬಿಲ್ಲು. ಆಫೀಸಿನವರು ದಿನಾಂಕ ಬದಲಿಸಿದ್ದರೂ ಕಂಪ್ಯೂಟರಿನಲ್ಲಿ ಹಳೆಯ ದಿನವೇ ಉಳಿದಿದ್ದರೆ ಪೂರ್ತಿ ಬಿಲ್ಲು ಬರುತ್ತದೆ. ತಪ್ಪು ಬಿಲ್ಲು ಎಂದು ಸುಮ್ಮನಿದ್ದರೆ ಬಾಕಿ ಎಂದು ದಾಖಲಾಗಿ ಸೀಟು ರದ್ದಾಗಬಹುದು. ಬಂದ ದಿನವೇ ಒಪ್ಪಿಗೆ ಪತ್ರದ ಪ್ರತಿಯೊಡನೆ ಉತ್ತರಿಸಿ.

ಪ್ರಶ್ನೆ: ನರ್ಸರಿಯವರು ಹೊಸ ವಿಳಾಸದ ಪುರಾವೆ ಕೇಳುತ್ತಿದ್ದಾರೆ. ಅಲ್ಲಿ ನಮ್ಮ ಹೆಸರಲ್ಲಿ ಇನ್ನೂ ಯಾವ ಬಿಲ್ಲೂ ಇಲ್ಲ. ಹತ್ತಿರದಲ್ಲೇ ಇರುವ ಚಿಕ್ಕಪ್ಪನ ವಿಳಾಸ ಕೊಡಬಹುದೇ?

ಉತ್ತರ: ಬೇಡ. ಹತ್ತಿರ ವಾಸಿಸುವವರಿಗೆ ಆದ್ಯತೆ ಕೊಡುವ ಕಡೆ, ಸುಳ್ಳು ವಿಳಾಸ ಗೊತ್ತಾದರೆ ಮಗು ಸೇರಿದ ಮೇಲೂ ಸೀಟು ಕಳೆದುಕೊಳ್ಳಬೇಕಾದೀತು. ಸಹಿಯಾದ ಖರೀದಿ ಕರಾರು ಅಥವಾ ಬಾಡಿಗೆ ಕರಾರು, ಸಾಲ ಮಂಜೂರಾತಿ ಪತ್ರ, ಹಸ್ತಾಂತರದ ದಿನ ನಮೂದಿಸಿದ ಪತ್ರ, ಇವುಗಳಲ್ಲಿ ಯಾವುದನ್ನು ಒಪ್ಪುತ್ತೀರಿ ಎಂದು ಕೇಳಿ. ಮನೆಗೆ ಹೋದ ಇಂತಿಷ್ಟು ದಿನದೊಳಗೆ ಬಿಲ್ಲು ತಂದುಕೊಡುತ್ತೇವೆ ಎಂದು ಬರೆದುಕೊಡಿ. ನಿಜವಾಗಿಯೂ ಚಿಕ್ಕಪ್ಪನ ಮನೆಯಲ್ಲಿ ಕೆಲವು ವಾರ ಉಳಿಯುವುದಾದರೆ ಆ ಮಾತು ಬೇರೆ. ತಾತ್ಕಾಲಿಕ ವಿಳಾಸ ಎಂದೇ ಸ್ಪಷ್ಟವಾಗಿ ನಮೂದಿಸಿ.

ಪ್ರಶ್ನೆ: ‘ಹೊಸ ಸ್ಕೂಲು’ ಎಂದು ಮಗಳಿಗೆ ಆಗಲೇ ಹೇಳಿಬಿಟ್ಟಿದ್ದೇವೆ. ದಿನಾ ಕೇಳುತ್ತಾಳೆ. ಏನು ಹೇಳುವುದು?

ಉತ್ತರ: ಮೂರು ವರ್ಷದ ಮಗುವಿಗೆ ‘ಎಂಟು ವಾರ’ ಎಂದರೆ ಏನೂ ತಿಳಿಯದು. ‘ಮನೆ ಇನ್ನೂ ತಯಾರಾಗಿಲ್ಲ, ನಾಳೆ ನಿನ್ನ ಈಗಿನ ಸ್ಕೂಲಿಗೇ ಹೋಗೋಣ’ ಎಂದಷ್ಟೇ ಹೇಳಿ. ಮತ್ತೆ ಆ ಮಾತು ಎತ್ತುವುದು ಹೋಗುವ ವಾರದಲ್ಲಿ ಸಾಕು. ಹಳೆಯ ನರ್ಸರಿಯಲ್ಲಿ ಬೀಳ್ಕೊಡುಗೆಯನ್ನು ಬೀಗದಕೈ ಕೈಗೆ ಬರುವವರೆಗೆ ಮಾಡಿಸಬೇಡಿ. ಸಿಕ್ಕ ಸಮಯದಲ್ಲಿ ಹೊಸ ನರ್ಸರಿಗೆ ಒಂದೆರಡು ಸಲ, ಒಂದೊಂದು ಗಂಟೆ, ನೀವು ಜೊತೆಗಿದ್ದು ಆಡಿಸಿಕೊಂಡು ಬರಲು ಅನುಮತಿ ಕೇಳಿ. ಇದರಿಂದ ನೀವು ಬರುವವರೇ ಎಂಬ ನಂಬಿಕೆ ಅವರಿಗೂ ಹುಟ್ಟುತ್ತದೆ.

ಅಂದಹಾಗೆ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ಫೋಟೊ, ಠೇವಣಿ ರಸೀದಿ, ಇವನ್ನು ಸಾಮಾನಿನ ಪೆಟ್ಟಿಗೆಗೆ ಹಾಕಬೇಡಿ. ಮಗುವಿನ ಬ್ಯಾಗು, ಅದು ಅಪ್ಪಿಕೊಂಡು ಮಲಗುವ ಬೊಂಬೆ ಕೂಡ ಕೈಚೀಲದಲ್ಲೇ ಬರಲಿ.

ಪ್ರಶ್ನೆ: ಕಾದಿರಿಸಲು ಆಗುವುದಿಲ್ಲ ಎಂದುಬಿಟ್ಟರು. ಠೇವಣಿಯೂ ಹೋಯಿತೇ?

ಉತ್ತರ: ಹೋಯಿತೆಂದು ನೀವಾಗಿಯೇ ತೀರ್ಮಾನಿಸಬೇಡಿ. ನಿಮ್ಮ ಸೀಟು ಕೂಡಲೇ ಇನ್ನೊಬ್ಬರಿಗೆ ಹೋಗಿದ್ದರೆ ಅವರಿಗೆ ನಷ್ಟವಾಗಿಲ್ಲ. ಆ ಆಧಾರದ ಮೇಲೆ ಮರಳಿಸಿ ಎಂದೋ, ಮುಂದೆ ಸೇರುವಾಗ ಫೀಸಿಗೆ ಜಮೆ ಮಾಡಿಕೊಳ್ಳಿ ಎಂದೋ ಬರಹದಲ್ಲಿ ಕೇಳಿ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸುವಾಗ ಮೊದಲ ಅರ್ಜಿಯ ದಿನಾಂಕವನ್ನೇ ಪರಿಗಣಿಸಲು ಒತ್ತಾಯಿಸಿ, ಇಲ್ಲವಾದರೆ ಪಟ್ಟಿಯ ತುದಿಗೆ ಹೋಗುತ್ತೀರಿ. ತರಗತಿ ಶುರುವಾದ ಮೊದಲ ಕೆಲವು ವಾರಗಳಲ್ಲಿ ಹೊಂದಿಕೊಳ್ಳಲಾಗದ ಮಕ್ಕಳು ಬಿಡುವುದರಿಂದ ಸೀಟು ತೆರವಾಗುವುದು ಹೆಚ್ಚು. ಆ ಸಮಯದಲ್ಲಿ ವಾರಕ್ಕೊಮ್ಮೆ ವಿಚಾರಿಸಿ, ಮತ್ತು ಕರೆ ಬಂದರೆ ಎಷ್ಟು ದಿನದಲ್ಲಿ ಸೇರಬಲ್ಲಿರಿ ಎಂಬುದನ್ನು ಮೊದಲೇ ಹೇಳಿಟ್ಟಿರಿ.