ಸ್ನೋ ಡೇ ದಿನ ಆನ್‌ಲೈನ್ ಪಾಠ ಯಾಕಿಲ್ಲ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಒಂದೇ ಹಿಮಬಿರುಗಾಳಿ ಎರಡೂ ರಾಜ್ಯಗಳ ಮೇಲೆ ಹಾದುಹೋಯಿತು. ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿರುವ ಅವರ ತಂಗಿಯ ಮಕ್ಕಳು ಮನೆಯಲ್ಲೇ ಆನ್‌ಲೈನ್ ಪಾಠ ಮುಗಿಸಿದರು, ಆ ದಿನ ಶಾಲಾದಿನಗಳ ಲೆಕ್ಕಕ್ಕೂ ಸೇರಿತು. ಇವರ ಮಕ್ಕಳ ಶಾಲೆ ಮಾತ್ರ ಸ್ನೋ ಡೇ, ಅಂದರೆ ಹಿಮದ ರಜೆ, ಕೊಟ್ಟು ಬಾಗಿಲು ಹಾಕಿತು, ಆ ದಿನ ಜೂನ್ ಕೊನೆಗೆ ಹೋಗಿ ಸೇರಿಕೊಂಡಿತು. ಬೆಂಗಳೂರಿಗೆ ಟಿಕೆಟ್ ಆಗಲೇ ಬುಕ್ ಆಗಿದೆ. ಎಲ್ಲ ಮಕ್ಕಳಿಗೂ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಕೊಟ್ಟಿರುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ (ಸ್ಥಳೀಯ ಶಾಲೆಗಳನ್ನು ನಡೆಸುವ ಆಡಳಿತಕ್ಕೆ) ಇಷ್ಟೂ ಮಾಡಲಾಗದೇ ಎಂಬುದು ಅವರ ಪ್ರಶ್ನೆ. ಆನ್‌ಲೈನ್ ದಿನಕ್ಕೆ ಅವಕಾಶ ಕೇಳುವ ಮನವಿಗೆ ನಾವೂ ದನಿಗೂಡಿಸಬೇಕೆಂಬುದು ಕೋರಿಕೆ.

ಮೊದಲು ಕಾನೂನಿನ ಮಾತು. ನಿಮ್ಮ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಮನಸ್ಸು ಮಾಡಿದ್ದರೂ ಆ ದಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ರಾಜ್ಯದ ಅನುದಾನ ಸಿಗಬೇಕಾದರೆ ನ್ಯೂಜೆರ್ಸಿಯ ಶಾಲೆಗಳು ವರ್ಷಕ್ಕೆ 180 ದಿನ ನಡೆಯಲೇಬೇಕು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಡುವೆ ಬಂದ ತಿದ್ದುಪಡಿ ಆನ್‌ಲೈನ್ ಪಾಠವನ್ನು ಈ 180ರೊಳಗೆ ಸೇರಿಸಲು ಒಪ್ಪಿತು, ಆದರೆ ಷರತ್ತು ಬಿಗಿ: ತುರ್ತು ಪರಿಸ್ಥಿತಿಯ ಘೋಷಣೆ ಅಥವಾ ಆರೋಗ್ಯ ಇಲಾಖೆಯ ಆದೇಶದಿಂದಾಗಿ ಸತತ ಮೂರು ಶಾಲಾದಿನಗಳಿಗಿಂತ ಹೆಚ್ಚು ಕಾಲ ಶಾಲೆ ಮುಚ್ಚಿರಬೇಕು. ಒಂದು ದಿನದ ಹಿಮ ಈ ಚೌಕಟ್ಟಿಗೆ ಬರುವುದಿಲ್ಲ.

ಎರಡು ರಾಜ್ಯಗಳ ನಡುವಿನ ನದಿಯಾಚೆಗೆ ಬೇರೆಯದೇ ಲೆಕ್ಕ. ಪೆನ್ಸಿಲ್ವೇನಿಯಾದ 2019ರ 64ನೇ ಕಾಯ್ದೆಯಂತೆ ಶಿಕ್ಷಣ ಇಲಾಖೆಗೆ ಮೊದಲೇ ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆದ ಡಿಸ್ಟ್ರಿಕ್ಟ್ ವರ್ಷಕ್ಕೆ 5 ದಿನಗಳವರೆಗೆ ಮನೆಯಿಂದಲೇ ಪಾಠ ನಡೆಸಬಹುದು. ಒಪ್ಪಿಗೆ ಮೂರು ವರ್ಷಕ್ಕೆ. ಇಂಟರ್ನೆಟ್ ಇಲ್ಲದ ಮಗು ಏನು ಮಾಡಬೇಕು, ವಿಶೇಷ ಶಿಕ್ಷಣದ ಮಗುವಿಗೆ ಏನು ವ್ಯವಸ್ಥೆ ಎಂಬುದು ಆ ಯೋಜನೆಯಲ್ಲೇ ಇರಬೇಕು. ಕಾಗದದ ಪ್ಯಾಕೆಟ್ ಕೊಟ್ಟು ಕಳಿಸಿದರೂ ಆಗುತ್ತದೆ, ಸ್ಕ್ರೀನ್ ಕಡ್ಡಾಯವಲ್ಲ. ನಿಮ್ಮ ಕೌಂಟಿಗೂ ತಂಗಿಯ ಕೌಂಟಿಗೂ ಹವಾಮಾನ ಮುನ್ಸೂಚನೆ ಕೊಡುವುದು ಮೌಂಟ್ ಹಾಲಿಯ ಒಂದೇ ಕಚೇರಿ. ಮುನ್ಸೂಚನೆ ಒಂದೇ ಆದರೂ ನಿರ್ಧಾರ ಬೇರೆಯಾದದ್ದು ಈ ಎರಡು ಕಾನೂನುಗಳಿಂದ. ಉಳಿದ ರಾಜ್ಯಗಳೂ ಹೀಗೇ ಚದುರಿವೆ. ವರ್ಜೀನಿಯಾ 10 ದಿನಗಳವರೆಗೆ ಒಪ್ಪುತ್ತದೆ. ಮಿನ್ನೆಸೋಟ 5 ದಿನ ಒಪ್ಪುತ್ತದೆ, ಆದರೆ ಶಾಲೆ ಶುರುವಾಗುವ ಎರಡು ಗಂಟೆ ಮೊದಲೇ ಪೋಷಕರಿಗೆ ತಿಳಿಸಿರಬೇಕು. ಮನೆಗೆ ಕೆಲಸ ಕೊಟ್ಟು ದಿನ ಲೆಕ್ಕ ಹಾಕುವ ಪದ್ಧತಿಯನ್ನು ಮ್ಯಾಸಚೂಸೆಟ್ಸ್ 2020-21ರಿಂದ ನಿಲ್ಲಿಸುವುದಾಗಿ 2019ರಲ್ಲೇ ಹೇಳಿತ್ತು.

ಊರಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಯ ಒಂದು ಆದೇಶಕ್ಕೆ ಇಡೀ ಜಿಲ್ಲೆಗೆ ರಜೆ. ಇಲ್ಲಿ ನ್ಯೂಜೆರ್ಸಿಯೊಂದರಲ್ಲೇ ಸುಮಾರು 600 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಪ್ರತಿಯೊಂದರ ಸೂಪರಿಂಟೆಂಡೆಂಟ್ ತಾನೇ ನಿರ್ಧರಿಸಬೇಕು. ಬೆಳಗಿನ ಜಾವ ನಾಲ್ಕಕ್ಕೆ ಸಾರಿಗೆ ಮುಖ್ಯಸ್ಥರು ರಸ್ತೆಗಿಳಿಯುತ್ತಾರೆ. ಅವರು ನೋಡುವುದು ಹೆದ್ದಾರಿಯನ್ನಲ್ಲ. ಏರಿನ ಒಳರಸ್ತೆ, ಬಸ್ಸು ತಿರುಗಬೇಕಾದ ಕೊನೆಯ ತಿರುವು, ಮಕ್ಕಳು ನಿಲ್ಲುವ ಜಾಗ. ಪ್ಲೌ ವಾಹನ ತಳ್ಳಿದ ಹಿಮ ಪಾದಚಾರಿ ದಾರಿಯ ಅಂಚಿಗೆ ಸೊಂಟದೆತ್ತರ ಗುಡ್ಡೆಯಾಗಿ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ಆರು ವರ್ಷದ ಮಗು ಕತ್ತಲಲ್ಲಿ ರಸ್ತೆಯ ಮೇಲೆಯೇ ನಿಂತು ಬಸ್ಸು ಕಾಯಬೇಕು. ಹಿಮಕ್ಕಿಂತ ಮಂಜುಗಡ್ಡೆ ಅಪಾಯ, ಏಕೆಂದರೆ ರಸ್ತೆಯ ತಾಪಮಾನ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯ ಕಲ್ಲುಪ್ಪು ಅಷ್ಟಾಗಿ ಕೆಲಸ ಮಾಡದು. ಒಂದೇ ಬಸ್ಸು ಹೈಸ್ಕೂಲ್, ಮಿಡ್ಲ್ ಸ್ಕೂಲ್, ಎಲಿಮೆಂಟರಿ ಎಂದು ಸಾಲಾಗಿ ಮೂರು ಟ್ರಿಪ್ ಹೊಡೆಯುವುದರಿಂದ ಮೊದಲನೆಯದು ತಡವಾದರೆ ಮೂರೂ ತಡ. ಇಷ್ಟೆಲ್ಲ ತೂಗಿ ಐದು, ಐದೂವರೆಯೊಳಗೆ ಮೆಸೇಜ್ ಹೋಗಬೇಕು.

ಇಲ್ಲೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ನ್ಯೂಜೆರ್ಸಿಯಲ್ಲಿ ನಾಲ್ಕು ಗಂಟೆ ಪಾಠ ನಡೆದರೆ ಅದು ಪೂರ್ತಿ ಶಾಲಾದಿನ. ಎರಡು ಗಂಟೆ ತಡವಾಗಿ ತೆರೆದರೂ, ಮಧ್ಯಾಹ್ನಕ್ಕೆ ಬೇಗ ಬಿಟ್ಟರೂ ಈ ನಾಲ್ಕು ಗಂಟೆ ಸಿಕ್ಕರೆ ದಿನ ಉಳಿಯುತ್ತದೆ. ನಿಮ್ಮ ಡಿಸ್ಟ್ರಿಕ್ಟ್ ಮೊದಲು ‘ಎರಡು ಗಂಟೆ ತಡ’ ಎಂದು ಹೇಳಿ, ಆರೂವರೆಗೆ ‘ಇಂದು ರಜೆ’ ಎಂದು ಬದಲಿಸುವುದು ನಿಮಗೆ ಗೊಂದಲವಾಗಿ ಕಾಣಬಹುದು. ಆ ದಿನವನ್ನು ಉಳಿಸಲು ಅವರು ಕೊನೆಯವರೆಗೂ ಯತ್ನಿಸಿದ್ದಾರೆ ಎಂದೇ ತಿಳಿಯಿರಿ.

ಈಗ ನಿಮ್ಮ ಮುಖ್ಯ ಕೋರಿಕೆ. ನಾವು ಪೂರ್ತಿ ಒಪ್ಪುವುದಿಲ್ಲ, ಕಾರಣ ಹೇಳುತ್ತೇವೆ. ಅರ್ಥಶಾಸ್ತ್ರಜ್ಞ ಜೋಶುವಾ ಗುಡ್‌ಮನ್ ಮ್ಯಾಸಚೂಸೆಟ್ಸ್ ಶಾಲೆಗಳ ಅಂಕಿಅಂಶ ಹಿಡಿದು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಮಕ್ಕೆ ಶಾಲೆ ಮುಚ್ಚಿದ್ದರಿಂದ ಮಕ್ಕಳ ಪರೀಕ್ಷಾ ಫಲಿತಾಂಶಕ್ಕೆ ಪೆಟ್ಟು ಬಿದ್ದದ್ದು ಅವರಿಗೆ ಕಾಣಲಿಲ್ಲ. ಪೆಟ್ಟು ಬಿದ್ದದ್ದು ಶಾಲೆ ತೆರೆದಿದ್ದೂ ಮಕ್ಕಳು ಬರದೇ ಹೋದ ದಿನಗಳಿಂದ, ಗಣಿತದಲ್ಲಿ ವಿಶೇಷವಾಗಿ. ಇಡೀ ತರಗತಿ ಒಂದು ದಿನ ತಪ್ಪಿಸಿಕೊಂಡರೆ ಟೀಚರ್ ಪಾಠವನ್ನು ಒಂದು ದಿನ ಮುಂದೂಡುತ್ತಾರೆ, ಅಷ್ಟೇ. ಅರ್ಧ ತರಗತಿ ತಪ್ಪಿಸಿಕೊಂಡರೆ ಬಂದವರಿಗೆ ಮುಂದಕ್ಕೆ ಹೇಳಬೇಕೋ, ಬರದವರಿಗಾಗಿ ಮರುದಿನ ಹಿಂದಕ್ಕೆ ಹೋಗಬೇಕೋ ತಿಳಿಯದೆ ಇಬ್ಬರಿಗೂ ನಷ್ಟ.

ಆ ಅಧ್ಯಯನ ಆನ್‌ಲೈನ್ ದಿನಗಳದ್ದಲ್ಲ. ಆದರೆ ಅರ್ಧ ಮಕ್ಕಳಷ್ಟೇ ಲಾಗಿನ್ ಆದ ಆನ್‌ಲೈನ್ ದಿನ ಇದೇ ಬಗೆಯದ್ದು ಎಂಬುದು ನಮ್ಮ ತರ್ಕ: ಕ್ಯಾಲೆಂಡರಿನಲ್ಲಿ 180ಕ್ಕೆ ಒಂದು ಸೇರುತ್ತದೆ, ಕಲಿಕೆಯಲ್ಲಿ ಸೇರುವುದಿಲ್ಲ. ರಜೆ ಕೊಟ್ಟು ಜೂನ್‌ನಲ್ಲಿ ಒಂದು ದಿನ ಸರಿಯಾಗಿ ಪಾಠ ಮಾಡುವುದು ಇದಕ್ಕಿಂತ ಮೇಲು.

ಎಷ್ಟು ಮಕ್ಕಳು ಲಾಗಿನ್ ಆಗುತ್ತಾರೆ ಎಂಬುದೇ ಹಾಗಾಗಿ ನಿಜವಾದ ಪ್ರಶ್ನೆ. 2024ರ ಫೆಬ್ರುವರಿ 13ರಂದು ನ್ಯೂಯಾರ್ಕ್ ನಗರ ತನ್ನ ಸುಮಾರು 9 ಲಕ್ಷ ಮಕ್ಕಳನ್ನು ಒಂದೇ ಬೆಳಿಗ್ಗೆ ಆನ್‌ಲೈನ್‌ಗೆ ಕರೆಯಿತು. ಪಾಸ್‌ವರ್ಡ್ ಪರಿಶೀಲಿಸುವ ವ್ಯವಸ್ಥೆಯೇ ಒತ್ತಡ ತಾಳದೆ ಕೈಕೊಟ್ಟಿತು. ವಿಡಿಯೊ ಸರ್ವರ್‌ಗಳು ಸಿದ್ಧವಿದ್ದರೂ ಬಾಗಿಲಲ್ಲೇ ನೂಕುನುಗ್ಗಲು. ಆ ನಗರಕ್ಕೆ ಬೇರೆ ದಾರಿ ಕಡಿಮೆ ಎಂಬುದನ್ನೂ ಹೇಳಬೇಕು. ರಜೆಗಳು ಹೆಚ್ಚಿ ಕ್ಯಾಲೆಂಡರಿನಲ್ಲಿ ಜಾಗವೇ ಉಳಿದಿಲ್ಲ. ನಮ್ಮ ದೀಪಾವಳಿಯೂ 2024ರ ನವೆಂಬರ್ 1ರಿಂದ ಆ ಪಟ್ಟಿಗೆ ಸೇರಿದೆ.

ಸಣ್ಣ ಡಿಸ್ಟ್ರಿಕ್ಟ್‌ಗಳಲ್ಲಿ ಎಡವಟ್ಟು ಇನ್ನೂ ಸರಳ. ಎಲಿಮೆಂಟರಿ ಮಕ್ಕಳ ಕ್ರೋಮ್‌ಬುಕ್‌ಗಳು ರಾತ್ರಿ ಶಾಲೆಯ ಚಾರ್ಜಿಂಗ್ ಕಾರ್ಟಿನಲ್ಲಿರುತ್ತವೆ. ಬೆಳಿಗ್ಗೆ ಐದಕ್ಕೆ ‘ಇಂದು ಆನ್‌ಲೈನ್’ ಎಂದರೆ ಸಾಧನ ಶಾಲೆಯಲ್ಲಿ, ಮಗು ಮನೆಯಲ್ಲಿ. ಸಾಧನ ತಂದಿದ್ದರೂ ಚಾರ್ಜರ್ ತಂದಿರುವುದಿಲ್ಲ. ಮಂಜುಗಡ್ಡೆಯ ಭಾರಕ್ಕೆ ತಂತಿ ಕಡಿದರೆ ಕರೆಂಟೂ ಇಲ್ಲ, ವೈಫೈಯೂ ಇಲ್ಲ. ಬಡ ಕುಟುಂಬಗಳ ಇಂಟರ್ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್ ಕೊಡುತ್ತಿದ್ದ ಫೆಡರಲ್ ಯೋಜನೆ 2024ರ ಜೂನ್ 1ಕ್ಕೆ ನಿಂತುಹೋಯಿತು. 2 ಕೋಟಿಗೂ ಹೆಚ್ಚು ಮನೆಗಳು ಅದನ್ನು ಪಡೆಯುತ್ತಿದ್ದವು. ಎರಡನೇ ತರಗತಿಯವರೆಗಿನ ಮಗುವಿಗೆ ಮ್ಯೂಟ್ ತೆಗೆಯಲೂ ದೊಡ್ಡವರು ಪಕ್ಕದಲ್ಲಿರಬೇಕು. ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ದುಡಿಯುವ ತಾಯಿಗೆ ಹಿಮದ ದಿನವೂ ಡ್ಯೂಟಿ ತಪ್ಪದು. ಸ್ಪೀಚ್ ಥೆರಪಿಯನ್ನು ಸ್ಕ್ರೀನ್ ಮೇಲೆ ಹೇಗೋ ನಡೆಸಬಹುದು, ಫಿಸಿಕಲ್ ಥೆರಪಿ ಆಗದು. ಶಾಲೆಯ ಉಚಿತ ತಿಂಡಿ, ಊಟವೇ ಆಸರೆಯಾದ ಮಕ್ಕಳಿಗೆ ಆ ದಿನ ಅದೂ ಇಲ್ಲ.

ಇಷ್ಟರ ಮೇಲೂ ಆನ್‌ಲೈನ್ ದಿನವೇ ಬೇಡವೆಂದು ನಾವು ಹೇಳುತ್ತಿಲ್ಲ. ಹಿಮಕ್ಕೆಂದು ಕ್ಯಾಲೆಂಡರಿನಲ್ಲಿ ಮೊದಲೇ ಇಟ್ಟ ಸ್ನೋ ಡೇಗಳು ಮುಗಿದ ಮೇಲೆ, ಹಿಂದಿನ ದಿನ ಶಾಲೆ ಬಿಡುವ ಮೊದಲೇ ನಿರ್ಧಾರವಾಗುವುದಿದ್ದರೆ ಅದು ಒಳ್ಳೆಯ ಉಪಾಯ. ಆಗ ಟೀಚರ್ ಸಾಧನ, ಚಾರ್ಜರ್, ಒಂದು ದಿನದ ಕಾಗದದ ಕೆಲಸ ಮೂರನ್ನೂ ಬ್ಯಾಗಿಗೆ ಹಾಕಿಸಿ ಕಳಿಸಬಹುದು. ತರಗತಿಗಳು ಒಮ್ಮೆಗೇ ಎಂಟಕ್ಕೆ ಶುರುವಾಗದೆ ಅರ್ಧ ಗಂಟೆಯ ಅಂತರದಲ್ಲಿ ಶುರುವಾಗಲಿ. ಸಣ್ಣವರಿಗೆ ಲೈವ್ ಪಾಠ 20-30 ನಿಮಿಷದ ಎರಡು ತುಂಡು ಸಾಕು. ಹೊಸ ಪಾಠ ಬೇಡ, ಕಲಿತದ್ದರ ಅಭ್ಯಾಸ ನಡೆಯಲಿ. ಕರೆಂಟ್ ಹೋದ ಮಗುವಿಗೆ ಕೆಲಸ ಒಪ್ಪಿಸಲು ಕೆಲವು ದಿನ ಸಮಯ ಕೊಟ್ಟು, ಅದರ ಮೇಲೆ ಹಾಜರಿ ಹಾಕಲಿ. ನಿಮ್ಮ ಮನವಿಯಲ್ಲಿ ಈ ಷರತ್ತುಗಳು ಸೇರಿದರೆ ನಮ್ಮ ಸಹಿ ಖಂಡಿತ ಇದೆ. ಅದನ್ನು ಡಿಸ್ಟ್ರಿಕ್ಟ್‌ಗೆ ಕೊಟ್ಟು ಪ್ರಯೋಜನವಿಲ್ಲ, ಕಾನೂನು ಬದಲಿಸಬೇಕಾದವರು ರಾಜ್ಯದ ರಾಜಧಾನಿ ಟ್ರೆಂಟನ್‌ನಲ್ಲಿರುವ ನಿಮ್ಮ ಶಾಸಕರು. ತಂಗಿಗೂ ಒಂದು ಕೆಲಸ ಹೇಳಿ: ಅವರ ಸ್ಕೂಲ್ ಬೋರ್ಡ್ ಸಭೆಯಲ್ಲಿ ಆ ಆನ್‌ಲೈನ್ ದಿನ ಯಾವ ತರಗತಿಯಲ್ಲಿ ಶೇಕಡ ಎಷ್ಟು ಮಕ್ಕಳು ಲಾಗಿನ್ ಆದರು ಎಂದು ಕೇಳಲಿ. ಆ ಸಂಖ್ಯೆ ನಿಮ್ಮ ಮನವಿಗೆ ಬಲ ಕೊಡುತ್ತದೆ, ಇಲ್ಲವೇ ನಿಮ್ಮ ಅಭಿಪ್ರಾಯವನ್ನೇ ಬದಲಿಸುತ್ತದೆ.

ಇನ್ನು ಟಿಕೆಟ್. ಬೋರ್ಡ್ ಒಪ್ಪಿದ ಕ್ಯಾಲೆಂಡರಿನ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಇರುತ್ತದೆ: ಎಷ್ಟು ಸ್ನೋ ಡೇ ಸೇರಿಸಿದ್ದಾರೆ, ಉಳಿದರೆ ಯಾವ ದಿನ ರಜೆ ಕೊಡುತ್ತಾರೆ, ಮೀರಿದರೆ ಮೊದಲು ವಸಂತದ ರಜೆ ಕತ್ತರಿಸುತ್ತಾರೋ ಜೂನ್‌ಗೆ ಸೇರಿಸುತ್ತಾರೋ. ಜೂನ್ ಎಂದಿದ್ದರೆ, ನಮೂದಾದ ಕೊನೆಯ ದಿನದ ಮೇಲೆ ಇನ್ನೂ ಐದು ಶಾಲಾದಿನ ಬಿಟ್ಟು ಟಿಕೆಟ್ ಮಾಡಿ. ನಿಮ್ಮಂತೆ ಈಗಾಗಲೇ ಆಗಿದ್ದರೆ, ಮಾರ್ಚ್ ಕೊನೆಯ ಹೊತ್ತಿಗೆ ಹಿಮದ ಲೆಕ್ಕ ಬಹುಮಟ್ಟಿಗೆ ಮುಗಿದಿರುತ್ತದೆ. ದಿನಾಂಕ ಬದಲಿಸುವ ಶುಲ್ಕ ಎಷ್ಟೆಂದು ಏಜೆಂಟರನ್ನು ಆಗ ವಿಚಾರಿಸಿ. ಬದಲಿಸಲಾಗದಿದ್ದರೆ ಪ್ರಿನ್ಸಿಪಾಲರಿಗೆ ಮುಂಚಿತವಾಗಿ ಪತ್ರ ಕೊಡಿ. ಗೈರುಹಾಜರಿ ದಾಖಲಾಗುತ್ತದೆ, ಆದರೆ ಕೊನೆಯ ವಾರದ ಪರೀಕ್ಷೆಯೇನಾದರೂ ಇದ್ದರೆ ಅದನ್ನು ಮೊದಲೇ ಬರೆಯಲು ಅವಕಾಶ ಕೇಳಬಹುದು.