ಘಟ್ಟದ ಕೆಳಗೊಂದು ರೇಡಿಯೊ, ಘಟ್ಟದ ಮೇಲೊಂದು ರೇಡಿಯೊ

ಪ್ರಶ್ನೆ: ನಾನು ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ. ಅಡುಗೆಮನೆಯ ಕಿಟಕಿಯಲ್ಲಿದ್ದ ಚಿಕ್ಕ ಟ್ರಾನ್ಸಿಸ್ಟರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕಾರವಾರ ಆಕಾಶವಾಣಿಯ ಎಫ್‌ಎಂ ಕೇಳಿಬರುತ್ತಿತ್ತು. ಬೇಸಿಗೆ ರಜೆಯಲ್ಲಿ ಶಿರಸಿ ಸಮೀಪದ ಅತ್ತೆಯ ಮನೆಗೆ ಅದೇ ರೇಡಿಯೊವನ್ನು ಚೀಲದಲ್ಲಿಟ್ಟುಕೊಂಡು ಹೋದರೆ, ಅಲ್ಲಿ ಬರೀ ಸುಂಯ್ ಎನ್ನುವ ಸದ್ದು. ಅತ್ತೆಯ ಮಕ್ಕಳು ಧಾರವಾಡ, ಭದ್ರಾವತಿ ಕೇಂದ್ರಗಳನ್ನು ಹೊಗಳುತ್ತಿದ್ದರು. ನಾನು ನಮ್ಮ ಕಾರವಾರವೇ ಮೇಲೆಂದು ಜಗಳಕ್ಕೆ ನಿಲ್ಲುತ್ತಿದ್ದೆ. ಒಂದೇ ಜಿಲ್ಲೆಯಲ್ಲಿ ಹೀಗೇಕಿತ್ತು?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ಜಗಳವನ್ನು ಹಚ್ಚಿದ್ದು ಸಹ್ಯಾದ್ರಿ. ಕಾರವಾರ ಕೇಂದ್ರವು 102.3 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ. ಆ ಅಲೆಯ ಉದ್ದ ಮೂರು ಮೀಟರಿಗಿಂತ ತುಸು ಕಡಿಮೆ. ಇಷ್ಟು ಗಿಡ್ಡ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುವುದರಿಂದ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೂ ಅದಕ್ಕೂ ಕಾರವಾರಕ್ಕೂ ನಡುವೆ ಘಟ್ಟದ ಸಾಲುಗಳೇ ಇವೆ. ಅಂಕೋಲೆ ದಾಟಿ ಅರಬೈಲು ಘಟ್ಟ ಹತ್ತುವ ಬಸ್ಸಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಒಂದು ತಿರುವಿನಲ್ಲಿ ಹಾಡು ಕೇಳಿಸಿ, ಮುಂದಿನ ತಿರುವಿನಲ್ಲಿ ಮಾಯವಾಗಿ, ಪಲ್ಲವಿ ಮುಗಿಯುವ ಹೊತ್ತಿಗೆ ಮತ್ತೆ ಬಂದು, ಕೊನೆಗೆ ಪೂರ್ತಿ ನಿಂತುಹೋಗುತ್ತಿತ್ತು.

ಧಾರವಾಡದ ಕಥೆಯೇ ಬೇರೆ. 1950ರಲ್ಲಿ ಆರಂಭವಾದ ಆ ಕೇಂದ್ರವನ್ನು ನಾವು ಕೇಳುತ್ತಿದ್ದದ್ದು ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ. ಅಲೆಯ ಉದ್ದ 390 ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗಳು ನೆಲಕ್ಕೆ ಅಂಟಿಕೊಂಡು ಗುಡ್ಡ ಕಣಿವೆಗಳನ್ನು ಬಳಸಿ ಹೋಗುತ್ತವೆ. 675 ಕಿಲೋಹರ್ಟ್ಸ್‌ನ ಭದ್ರಾವತಿಯೂ ಹಾಗೆಯೇ. ಕತ್ತಲಾದ ಮೇಲೆ ಈ ಅಲೆಗಳು ಮೇಲಿನ ವಾಯುಮಂಡಲಕ್ಕೆ ಬಡಿದು ನೂರಾರು ಕಿಲೋಮೀಟರ್ ದೂರದಲ್ಲಿ ಇಳಿಯುವುದರಿಂದ, ರಾತ್ರಿ ಧಾರವಾಡದ ಮೇಲೆ ಯಾವುದೋ ಊರಿನ, ಯಾವುದೋ ಭಾಷೆಯ ಮಾತು ಬಂದು ಕೂರುತ್ತಿದ್ದದ್ದೂ ಉಂಟು.

ಇದರಿಂದ ರೇಡಿಯೊವನ್ನು ಹಿಡಿಯುವ ಕೈಯ ಅಭ್ಯಾಸವೇ ಎರಡು ಬಗೆಯಾಗಿತ್ತು ಎನ್ನುವುದನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ. ಕರಾವಳಿಯವರು ಕಡ್ಡಿ ಎಳೆಯುತ್ತಿದ್ದರು. ಟ್ರಾನ್ಸಿಸ್ಟರಿನ ಕಡ್ಡಿಯನ್ನು ಮುಕ್ಕಾಲು ಮೀಟರಿನಷ್ಟು ಎಳೆದರೆ ಅದು ಎಫ್‌ಎಂ ಅಲೆಯ ಕಾಲು ಭಾಗಕ್ಕೆ ಸರಿಹೊಂದುತ್ತದೆ. ಲೆಕ್ಕ ತಿಳಿಯದ ನಮ್ಮ ಅಜ್ಜಿಯಂದಿರ ಬೆರಳಿಗೆ ಆ ಅಳತೆ ತಿಳಿದಿತ್ತು. ಘಟ್ಟದ ಮೇಲಿನವರು ಕಡ್ಡಿಯನ್ನು ಮುಟ್ಟುತ್ತಲೇ ಇರಲಿಲ್ಲ, ಪೆಟ್ಟಿಗೆಯನ್ನೇ ತಿರುಗಿಸುತ್ತಿದ್ದರು. ಮಧ್ಯಮ ತರಂಗವನ್ನು ಹಿಡಿಯುವುದು ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿರುವ, ತಾಮ್ರದ ತಂತಿ ಸುತ್ತಿದ, ಫೆರೈಟ್ ಎಂಬ ಕಾಂತೀಯ ವಸ್ತುವಿನ ದಂಡ. ಅದು ಕೇಂದ್ರದ ದಿಕ್ಕಿಗೆ ಅಡ್ಡವಾಗಿ ನಿಂತಾಗ ದನಿ ಗಟ್ಟಿಯಾಗುತ್ತದೆ, ಆ ದಿಕ್ಕಿಗೇ ಚಾಚಿದಾಗ ಕ್ಷೀಣಿಸುತ್ತದೆ. ಶಿರಸಿಯಿಂದ ಧಾರವಾಡ ಬಹುಮಟ್ಟಿಗೆ ಉತ್ತರಕ್ಕೆ, ಭದ್ರಾವತಿ ಆಗ್ನೇಯಕ್ಕೆ ಇರುವುದರಿಂದ, ನಿಮ್ಮ ಅತ್ತೆಯ ಮನೆಯ ಜಗಲಿಯಲ್ಲಿ ಕೇಂದ್ರ ಬದಲಾದಂತೆ ರೇಡಿಯೊದ ಮುಖವೂ ಬದಲಾಗುತ್ತಿದ್ದಿರಬೇಕು.

ಯಾವುದು ಮೇಲು ಎಂಬ ಪ್ರಶ್ನೆಗೆ ನಾನು ಕರಾವಳಿಯ ಪಕ್ಷ ವಹಿಸುತ್ತೇನೆ. ಮಿರ್ಗ, ಅಂದರೆ ಮೃಗಶಿರಾ ಮಳೆ, ಹಿಡಿಯುವ ಮುನ್ನ ಮಿಂಚು ಗುಡುಗು ಶುರುವಾದರೆ ಮಧ್ಯಮ ತರಂಗದಲ್ಲಿ ಪಟಪಟ ಸದ್ದೇ ಹೆಚ್ಚು, ಏಕೆಂದರೆ ಮಿಂಚು ಕೆಡಿಸುವುದು ಅಲೆಯ ಎತ್ತರವನ್ನು, ಮತ್ತು ಮಧ್ಯಮ ತರಂಗದಲ್ಲಿ ದನಿ ಇರುವುದೂ ಆ ಎತ್ತರದಲ್ಲಿಯೇ. ಎಫ್‌ಎಂನಲ್ಲಿ ದನಿ ಇರುವುದು ಅಲೆಯ ಕಂಪನದ ವೇಗದ ಏರಿಳಿತದಲ್ಲಿ. ಎತ್ತರದ ಗೊಂದಲವನ್ನು ರೇಡಿಯೊ ಕತ್ತರಿಸಿ ಎಸೆಯುತ್ತದೆ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಒಳಗೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುವುದು, ಬೈತಖೋಲದಲ್ಲಿ ದೋಣಿ ಕಟ್ಟಿ ಬಂದವರ ಮನೆಗಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಅದಕ್ಕಿಂತಲೂ ಮಿಗಿಲಾದದ್ದು, ಮಾಜಾಳಿ, ಸದಾಶಿವಗಡ, ಬೇಲೇಕೇರಿ, ಅವರ್ಸಾ ಎಂಬ ನಮ್ಮ ಊರುಗಳ ಹೆಸರು ಕೋರಿಕೆ ಪತ್ರಗಳ ಜೊತೆಗೆ ರೇಡಿಯೊದಲ್ಲಿ ಕೇಳಿಬಂದದ್ದು. ಅದುವರೆಗೆ ರೇಡಿಯೊ ಎಂದರೆ ದೊಡ್ಡ ಊರುಗಳು ಮಾತನಾಡುವುದು, ನಾವು ಕೇಳುವುದು ಎಂದೇ ನಾನು ತಿಳಿದಿದ್ದೆ.

ಪ್ರಶ್ನೆ: ಮದುವೆಯಾಗಿ ಗೋಕರ್ಣಕ್ಕೆ ಬಂದ ಹೊಸತರಲ್ಲಿ, ಏಪ್ರಿಲ್ ತಿಂಗಳ ಒಂದು ರಾತ್ರಿ ಎಫ್‌ಎಂ ತಿರುಗಿಸುವಾಗ ಅರಬ್ಬಿಯಂತೆ ಕೇಳುವ ಹಾಡು ಬಂದಿತ್ತು. ನನ್ನ ಯಜಮಾನರು ಇಂದಿಗೂ ಅದನ್ನು ನಂಬುವುದಿಲ್ಲ. ಎಫ್‌ಎಂ ದೂರ ಹೋಗುವುದಿಲ್ಲವಲ್ಲ?
– ಓದುಗರೊಬ್ಬರು, ಗೋಕರ್ಣ

ಉತ್ತರ: ನೀವು ಕೇಳಿದ್ದು ಭ್ರಮೆ ಎನ್ನಲು ಕಾರಣವಿಲ್ಲವೆಂದು ಯಜಮಾನರಿಗೆ ಈ ಉತ್ತರವನ್ನು ಓದಿ ಹೇಳಿರಿ. ಮಳೆಗಾಲಕ್ಕೆ ಮುಂಚಿನ ಬಿಸಿ ದಿನಗಳಲ್ಲಿ ಅರಬ್ಬೀ ಸಮುದ್ರದ ಮೇಲಿನ ತಂಪಾದ, ತೇವದ ಗಾಳಿಯ ಮೇಲೆ ಒಣ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಎಫ್‌ಎಂ ಅಲೆಗಳು ಆ ಮುಚ್ಚಳವನ್ನು ದಾಟಲಾರದೆ ಕೆಳಕ್ಕೆ ಬಾಗಿ, ಕೊಳವೆಯೊಳಗಿನ ನೀರಿನಂತೆ ಸಮುದ್ರದುದ್ದಕ್ಕೂ ಸಾಗಿಬರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ರಾಡಾರಿಗೆ ಸಾವಿರಾರು ಕಿಲೋಮೀಟರ್ ಆಚೆಯ ಅರೇಬಿಯದ ತೀರ ಕಂಡದ್ದೂ ಇದೇ ಕಾರಣದಿಂದ. ಗಾಳಿಯ ಪದರ ಚದುರಿದೊಡನೆ ಕೊಳವೆಯೂ ಇಲ್ಲ, ಹಾಡೂ ಇಲ್ಲ. ಆದ್ದರಿಂದಲೇ ಮರುದಿನ ಅವರನ್ನು ಕರೆದು ಕೇಳಿಸಲು ನಿಮಗೆ ಸಾಧ್ಯವಾಗಿರಲಿಕ್ಕಿಲ್ಲ.

ಪ್ರಶ್ನೆ: ನನ್ನ ಅಮ್ಮ ಒಮ್ಮೆ ಕಾರವಾರ ಆಕಾಶವಾಣಿಯ ಫೋನ್-ಇನ್ ಕಾರ್ಯಕ್ರಮದಲ್ಲಿ ಮಾತನಾಡಿ ಹಾಡು ಕೇಳಿದ್ದಳು. ಅಣ್ಣ ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. ಅಮ್ಮ ಈಗಿಲ್ಲ. ಪೆಟ್ಟಿಗೆಯಿಂದ ತೆಗೆದು ನೋಡಿದರೆ ಟೇಪಿನ ಸುರುಳಿಯ ಮೇಲೆ ಬೆಳ್ಳಗೆ ಬೂಷ್ಟು ಕಂಡಿತು. ಹಾಕಿ ಕೇಳಬಹುದೇ?
– ಓದುಗರೊಬ್ಬರು, ಕುಮಟಾ

ಉತ್ತರ: ದಯವಿಟ್ಟು ಹಾಕಬೇಡಿ. ಇಂಥದೇ ಒಂದು ಕ್ಯಾಸೆಟ್ಟನ್ನು ತಡೆಯಲಾರದೆ ಹಾಕಿ ನಾನು ಕಳೆದುಕೊಂಡಿದ್ದೇನೆ. ಬೂಷ್ಟಿನಿಂದ ಅಂಟಿಕೊಂಡಿದ್ದ ಸುತ್ತುಗಳು ಎಳೆತಕ್ಕೆ ಹರಿದುಹೋದವು. ನಮ್ಮ ಕರಾವಳಿಯ ತೇವದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ, ಮತ್ತು ಬಹಳ ಸಲ ಅದು ಸುರುಳಿಯ ಅಂಚಿನಲ್ಲಿಯೇ ಇದ್ದು ದನಿಗೆ ಹೆಚ್ಚು ಹಾನಿಯಾಗಿರುವುದಿಲ್ಲ.

ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ; ಅವು ಇಲ್ಲದಿದ್ದರೆ ಯಾರೂ ಕೈತಪ್ಪಿ ಅದರ ಮೇಲೆ ಬೇರೊಂದನ್ನು ತುಂಬಲಾರರು. ಬಳಿಕ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ವಾರ ಇಡಿ. ಬಿಸಿಲಿಗೆ ಒಣಗಿಸುವುದು ಬೇಡ, ಟೇಪು ಸೊಟ್ಟಗಾಗುತ್ತದೆ. ಬೂಷ್ಟು ಒಣಗಿದ ಮೇಲೆ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ವರ್ಗಾಯಿಸುವ, ಅನುಭವವುಳ್ಳವರ ಕೈಗೆ ಕೊಡಿ. ಅವರು ಸುರುಳಿಯನ್ನು ಶುಚಿಗೊಳಿಸಿ, ಅಗತ್ಯವಿದ್ದರೆ ಹೊಸ ಕವಚಕ್ಕೆ ಸೇರಿಸಿ, ಒಂದೇ ಸಲ ಓಡಿಸಿ ತುಂಬಿಸಿಕೊಳ್ಳುತ್ತಾರೆ. ಅಂಚೆಯಲ್ಲಿ ಕಳುಹಿಸುವ ಬದಲು ನೀವೇ ಒಯ್ದು, ಎದುರಿಗೆ ಕುಳಿತು ಮಾಡಿಸಿದರೆ ಒಳ್ಳೆಯದು.

ಹಾಡು ಬಂದಾಗ ನಿಲ್ಲಿಸಿ ಎಂದು ಮಾತ್ರ ಅವರಿಗೆ ಹೇಳಬೇಡಿ. ಹಿಂದಿನ ಉದ್ಘೋಷಕರ ಮಾತು, ನಡುವೆ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಅಣ್ಣ ಗುಂಡಿ ಒತ್ತಿದ ಟಕ್ ಎನ್ನುವ ದನಿ, ಎಲ್ಲವೂ ಸೇರಿ ಟೇಪಿನ ಎರಡೂ ಬದಿಗಳನ್ನು ಕೊನೆಯವರೆಗೂ ತುಂಬಿಸಿಕೊಳ್ಳಿ.